‘ನೋಡ್ಕೊಂಡು ಕೊಡಿ’: ಮನೆ ಬಾಗಿಲಿಗೆ ತಂದುಕೊಡುವವರ ಭಕ್ಷೀಸು ಮತ್ತು ಗಡಿನಾಡ ಕನ್ನಡ ಮನೆಗಳು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಆಯ್ದ ಪ್ರಶ್ನೋತ್ತರಗಳಿವೆ.)

ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ, ತಾಳವಾಡಿಯಿಂದ ಆದೋನಿಯವರೆಗೆ ಇಷ್ಟು ಊರುಗಳವರು ಒಂದೇ ಪರದೆ ಮೇಲೆ ಸೇರಿದ್ದೀರಿ. ಹಿಂದಿನ ಗೋಷ್ಠಿಗಳಲ್ಲಿ ಶಾಲೆ, ಪಠ್ಯಪುಸ್ತಕ, ಮಹಾಜನ ವರದಿ ಮುಂತಾದ ದೊಡ್ಡ ವಿಷಯಗಳು ಬಂದವು. ನಾನು ತಗೊಂಡಿರೋದು ಬಹಳ ಸಣ್ಣ ವಿಷಯ. ಮನೆ ಬಾಗಿಲಿಗೆ ಊಟ, ಗ್ಯಾಸು, ಔಷಧಿ, ಪಾರ್ಸೆಲ್ಲು ತಂದುಕೊಡುವವರಿಗೆ ಮೇಲೆ ಏನಾದರೂ ಕೊಡಬೇಕಾ, ಕೊಟ್ಟರೆ ಎಷ್ಟು? ಇದಕ್ಕೂ ಗಡಿನಾಡ ಕನ್ನಡಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ, ಮುಂದೆ ಅದಕ್ಕೆ ಬರ್ತೇನೆ.

ಮೊದಲು ನಮ್ಮ ಮನೆಯದೇ ಒಂದು ಪ್ರಸಂಗ. ನಮ್ಮದು ಹೊಸೂರು. ಎರಡನೇ ಮಹಡಿ, ಲಿಫ್ಟ್ ಇಲ್ಲ. ಒಂದು ವಾರ ಮಂಗಳವಾರ ಗ್ಯಾಸ್ ಸಿಲಿಂಡರ್ ಬಂತು. ತಂದವರು ಬಿಲ್ ಹಣ ತಗೊಂಡು ಅಲ್ಲೇ ನಿಂತರು. ‘ನೋಡ್ಕೊಂಡು ಕೊಡಿ ಅಮ್ಮ’ ಅಂದರು. ಅಮ್ಮ ಗೊಣಗಿಕೊಂಡೇ 50 ರೂಪಾಯಿ ಕೊಟ್ಟರು. ಅದೇ ವಾರ ಶುಕ್ರವಾರ ರಾತ್ರಿ ಜೋರು ಮಳೆ. ಮನೆಗೆ ನೆಂಟರು ಬಂದಿದ್ದರಿಂದ ಆಪ್‌ನಲ್ಲಿ ಊಟ ತರಿಸಿದೆವು. ಇಪ್ಪತ್ತು ಇಪ್ಪತ್ತೆರಡರ ಹುಡುಗ, ಮೈಯೆಲ್ಲ ತೊಯ್ದು ಬಂದ. ಊಟದ ಚೀಲವನ್ನು ಮಾತ್ರ ಒದ್ದೆ ಆಗದ ಹಾಗೆ ಕೋಟಿನೊಳಗೆ ಇಟ್ಟುಕೊಂಡಿದ್ದ. ‘ಫೈವ್ ಸ್ಟಾರ್ ಹಾಕಿ ಅಮ್ಮ’ ಅಂತ ಕನ್ನಡದಲ್ಲೇ ಹೇಳಿ ಇಳಿದು ಹೋದ. ಅವನಿಗೆ ನಾವು ಏನೂ ಕೊಡಲಿಲ್ಲ.

ಆಮೇಲೆ ನಾನು ಅಮ್ಮನನ್ನು ಕೇಳಿದೆ, ‘ಆ ಗ್ಯಾಸಿನವರಿಗೆ 50 ಕೊಟ್ಟೆ, ಈ ಹುಡುಗನಿಗೆ ಯಾಕೆ ಕೊಡಲಿಲ್ಲ?’ ಅಮ್ಮ ಸಲೀಸಾಗಿ ಹೇಳಿದರು: ‘ಅವರು ಕೇಳಿದ್ರು. ಇವನು ಕೇಳ್ಲಿಲ್ಲ.’

ನನ್ನ ಇವತ್ತಿನ ಮಾತೆಲ್ಲ ಈ ಎರಡು ವಾಕ್ಯಗಳ ಮೇಲೆ ನಿಂತಿದೆ. ನಾವು ಯಾರ ದುಡಿಮೆ ಹೆಚ್ಚೋ ಅವರಿಗೆ ಕೊಡ್ತಿಲ್ಲ, ಯಾರು ಬಾಗಿಲಲ್ಲಿ ನಿಲ್ತಾರೋ ಅವರಿಗೆ ಕೊಡ್ತೇವೆ. ಇದು ಸರಿಯಾ? ಸರಿಯಲ್ಲ ಅಂದ್ರೆ ಹೇಗೆ ಕೊಡಬೇಕು?

1. ಹೆಸರುಗಳಲ್ಲೇ ಇರುವ ಚರಿತ್ರೆ

ಇಂಗ್ಲಿಷಿನ ‘ಟಿಪ್ಸ್’ ಈಗ ಎಲ್ಲರ ಬಾಯಲ್ಲೂ ಇದೆ. ಆದರೆ ಕೂಲಿಯ ಮೇಲೆ ಕೊಡುವ ಹಣಕ್ಕೆ ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಹಲವು ಹೆಸರುಗಳಿವೆ. ಒಂದೊಂದು ಹೆಸರಿನ ಹಿಂದೆ ಒಂದೊಂದು ಬಗೆಯ ಸಂಬಂಧ ಇದೆ.

‘ಭಕ್ಷೀಸು’ ಪಾರಸಿಯಿಂದ ಬಂದದ್ದು, ‘ಇನಾಮು’ ಅರಬ್ಬಿಯಿಂದ. ಎರಡರಲ್ಲೂ ಕೊಡುವವನು ಮೇಲೆ, ತಗೊಳ್ಳುವವನು ಕೆಳಗೆ. ಅರಸ ಮೆಚ್ಚಿ ಕೊಟ್ಟದ್ದು ಇನಾಮು. ಹೊಸೂರಿನ ಕಡೆ ದೀಪಾವಳಿ ಬಂದರೆ ಪೇಪರ್ ಹಾಕುವವರು, ಕಸ ಒಯ್ಯುವವರು ಕೇಳುವುದು ಈ ಇನಾಮನ್ನೇ. ಕನ್ನಡ, ತಮಿಳು, ತೆಲುಗು ಮೂರು ಮನೆಗಳಲ್ಲೂ ಇದೇ ಪದ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಇದಕ್ಕೆ ಮರಾಠಿಯ ‘ಪೋಸ್ತ’ ಅನ್ನೋ ಮಾತಿದೆ. ‘ಅಕ್ಕಾರ, ದಿವಾಳಿ ಪೋಸ್ತ ಕೊಡ್ರಿ’ ಅಂತ ಹಬ್ಬದ ಮುಂದೆ ಬಂದು ಕೇಳ್ತಾರೆ. ಅದರಲ್ಲಿ ಸಂಕೋಚ ಇಲ್ಲ, ವರ್ಷಕ್ಕೊಮ್ಮೆ ಬರುವ ಹಕ್ಕು ಅನ್ನೋ ದನಿ ಇರುತ್ತೆ.

‘ಮಾಮೂಲು’ ಅನ್ನೋದು ಇನ್ನೊಂದು. ಮೂಲದಲ್ಲಿ ಇದರ ಅರ್ಥ ‘ರೂಢಿಯಲ್ಲಿರುವುದು’ ಅಂತ ಅಷ್ಟೇ. ಆದೋನಿ, ರಾಯದುರ್ಗದ ಕಡೆ ಕನ್ನಡ ತೆಲುಗು ಎರಡರಲ್ಲೂ ಇದು ಇವತ್ತು ಲಂಚದ ಇನ್ನೊಂದು ಹೆಸರು. ಅಂದ್ರೆ ಒಮ್ಮೆ ಖುಷಿಯಿಂದ ಕೊಟ್ಟದ್ದು ರೂಢಿಯಾಯ್ತು, ರೂಢಿಯಾದದ್ದು ಕೊಡದಿದ್ದರೆ ಕೆಲಸ ಆಗದ ಸ್ಥಿತಿಗೆ ಬಂತು. ಒಂದು ಪದದ ಅರ್ಥ ಜಾರಿದ ದಾರಿಯಲ್ಲೇ ನಮ್ಮ ಸಮಸ್ಯೆಯ ನಕ್ಷೆ ಇದೆ.

ಕಾಸರಗೋಡು, ವಯನಾಡಿನವರಿಗೆ ‘ನೋಕ್ಕುಕೂಲಿ’ ಹೊಸದಲ್ಲ. ಸಾಮಾನನ್ನು ಮಾಲೀಕ ತಾನೇ ಇಳಿಸಿಕೊಂಡರೂ ಪಕ್ಕದಲ್ಲಿ ನಿಂತು ನೋಡಿದ್ದಕ್ಕೆ ಕೂಲಿ ಕೇಳುವುದು. ಹೊರೆ ಕಾರ್ಮಿಕರ ರಕ್ಷಣೆಗೆ ಕೇರಳದಲ್ಲಿ 1978ರಲ್ಲೇ ಕಾಯ್ದೆ ಬಂತು. ಕೂಲಿಯವರಿಗೆ ಕೆಲಸದ ಭದ್ರತೆ ಕೊಟ್ಟ ಒಳ್ಳೆಯ ಕಾಯ್ದೆ ಅದು. ಅದರ ಪಕ್ಕದಲ್ಲೇ ಬೆಳೆದ ನೋಕ್ಕುಕೂಲಿಯನ್ನು ಕೇರಳ ಸರ್ಕಾರ 2018ರ ಮೇ 1ರಂದು, ಕಾರ್ಮಿಕ ದಿನದಂದೇ, ನಿಷೇಧಿಸಿತು. ಮಲಯಾಳದ ‘ನೋಕ್ಕು’ ಅಂದ್ರೆ ನಮ್ಮ ‘ನೋಡು’. ಹೊಸೂರಿನಲ್ಲಿ ‘ನೋಡ್ಕೊಂಡು ಕೊಡಿ’, ಅಲ್ಲಿ ‘ನೋಡಿದ್ದಕ್ಕೆ ಕೊಡಿ’. ಮೊದಲನೆಯದರಲ್ಲಿ ನೋಡಬೇಕಾದವರು ನಾವು: ದುಡಿಮೆ ನೋಡಿ ಕೊಡಿ ಅಂತ. ಎರಡನೆಯದರಲ್ಲಿ ದುಡಿಮೆಯೇ ಇಲ್ಲ.

ಇವೆಲ್ಲಕ್ಕಿಂತ ಹಳೆಯದು ‘ಆಯ’. ಕಮ್ಮಾರ, ಬಡಗಿ, ಕ್ಷೌರಿಕ, ಅಗಸ ಇವರಿಗೆಲ್ಲ ಸುಗ್ಗಿಯಲ್ಲಿ ಕಣದಿಂದ ಇಷ್ಟು ಅಂತ ಧಾನ್ಯ ಸಲ್ಲುತ್ತಿತ್ತು. ಕನ್ನಡ, ತೆಲುಗು ಸೀಮೆಯಲ್ಲಿ ಆಯಗಾರರು, ಮರಾಠಿ ಸೀಮೆಯಲ್ಲಿ ಬಲುತೇದಾರರು. ನೀಲಗಿರಿಯಲ್ಲೂ ಇಂಥದೇ ಕೊಡುಕೊಳ್ಳುವಿಕೆ ಇತ್ತು. ಕನ್ನಡಕ್ಕೆ ತೀರಾ ಹತ್ತಿರದ ನುಡಿಯಾಡುವ ಬಡಗರು ಧಾನ್ಯ ಕೊಟ್ಟರೆ ಕೋತರು ಕಬ್ಬಿಣದ ಸಲಕರಣೆ, ಮಡಕೆ ಕೊಟ್ಟು ಸಾವಿನ ಮನೆಗೆ ವಾದ್ಯ ನುಡಿಸುತ್ತಿದ್ದರು. ‘ಆಗ ದುಡ್ಡಿನ ಲೆಕ್ಕ ಇರಲಿಲ್ಲ, ಎಲ್ಲರೂ ಹೊಂದಿಕೊಂಡಿದ್ದರು’ ಅಂತ ಹಿರಿಯರು ಹೇಳ್ತಾರೆ. ಅದು ಅರ್ಧ ಸತ್ಯ. ಇನ್ನರ್ಧಕ್ಕೆ ಆಮೇಲೆ ಬರ್ತೇನೆ.

2. ಮೂರು ಹಣ, ಮೂರು ಲೆಕ್ಕ

ಮೇಲಿನ ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೂರು ಬೇರೆ ಬೇರೆ ಹಣ ಕಾಣುತ್ತೆ. ಒಂದು, ಕೂಲಿ: ಮಾಡಿದ ಕೆಲಸಕ್ಕೆ ಸಲ್ಲಲೇಬೇಕಾದದ್ದು. ಎರಡು, ಖುಷಿ: ಕೊಡುವವರ ಮನಸ್ಸಿಗೆ ಬಿಟ್ಟದ್ದು. ಮೂರು, ವಸೂಲಿ: ಕೊಡದಿದ್ದರೆ ತೊಂದರೆ ಆದೀತು ಅನ್ನೋ ಅಂಜಿಕೆಯಿಂದ ಕೊಡುವುದು. ನಮ್ಮ ಗೊಂದಲ ಏನು ಅಂದ್ರೆ ಮೂರನ್ನೂ ‘ಟಿಪ್ಸ್’ ಅಂತ ಒಂದೇ ಚೀಲಕ್ಕೆ ಹಾಕಿದ್ದೇವೆ.

ಗ್ಯಾಸ್ ಸಿಲಿಂಡರನ್ನೇ ತಗೊಳ್ಳಿ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತೆ, ಕಬ್ಬಿಣದ ತೂಕ ಸೇರಿದರೆ ಹತ್ತಿರ ಹತ್ತಿರ 30 ಕಿಲೋ. ಬಿಲ್ಲಿನಲ್ಲಿರುವ ದರದೊಳಗೇ ಮನೆಗೆ ತಲುಪಿಸುವ ಶುಲ್ಕ ಸೇರಿದೆ. ನಾವೇ ಏಜೆನ್ಸಿಯ ಗೋದಾಮಿಗೆ ಹೋಗಿ ತಂದುಕೊಂಡರೆ ಆ ಶುಲ್ಕವನ್ನು ಬಿಲ್ಲಿನಲ್ಲಿ ಕಳೆಯಬೇಕು. ಹಾಗಾಗಿ ಕಾಗದದ ಪ್ರಕಾರ ಬಿಲ್ಲಿನ ಮೇಲೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಯಾರಾದರೂ ‘ಕೊಡದಿದ್ದರೆ ಮುಂದಿನ ಸಲ ತಡ ಆಗುತ್ತೆ’ ಅಂದರೆ ಅದು ವಸೂಲಿ. ಅದಕ್ಕೆ ಬಗ್ಗಬಾರದು, ಏಜೆನ್ಸಿಗೆ, ಅಲ್ಲೂ ಆಗದಿದ್ದರೆ ತೈಲ ಕಂಪನಿಗೆ ದೂರು ಕೊಡಬೇಕು.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಬಿಲ್ಲಿನಲ್ಲಿರುವ ಆ ಶುಲ್ಕ ಸೇರುವುದು ಏಜೆನ್ಸಿಗೆ. ಸಿಲಿಂಡರ್ ಹೊತ್ತವರ ಕೈಗೆ ಅದರಲ್ಲಿ ಎಷ್ಟು ಬರುತ್ತೆ ಅನ್ನೋದು ಏಜೆನ್ಸಿಯವರ ಮರ್ಜಿ. ನಮ್ಮ ಮನೆಗೆ ಬರುವವರನ್ನು ಒಮ್ಮೆ ಕೂರಿಸಿ ನೀರು ಕೊಟ್ಟು ಕೇಳಿದೆ. ‘ಅಮ್ಮ, ನಮಗೆ ಸಿಲಿಂಡರ್ ಲೆಕ್ಕದಲ್ಲಿ ಕೊಡ್ತಾರೆ. ಮಹಡಿ ಲೆಕ್ಕ ಯಾರೂ ಹಿಡಿಯಲ್ಲ. ಮಹಡಿ ಲೆಕ್ಕ ನೀವೇ ನೋಡ್ಕೊಳ್ಳಿ ಅಂತಾರೆ ಓನರು’ ಅಂದರು. ಅಂದ್ರೆ ಕೂಲಿ ಕೊಡಬೇಕಾದವರು ಕೂಲಿಯ ಒಂದು ಭಾಗವನ್ನು ನಮ್ಮ ಖುಷಿಗೆ ತಳ್ಳಿದ್ದಾರೆ. ನಾವು ಖುಷಿಯಿಂದ ಕೊಡದಿದ್ದಾಗ ಅದು ವಸೂಲಿಯ ರೂಪ ತಗೊಳ್ಳುತ್ತೆ. ಅವರ ‘ನೋಡ್ಕೊಂಡು ಕೊಡಿ’ಯ ಮೇಲೆ ನಾವು ಸಿಟ್ಟಾಗ್ತೇವೆ. ಸಿಟ್ಟು ಹೋಗಬೇಕಾದ್ದು ಇನ್ನೊಂದು ಮೆಟ್ಟಿಲು ಮೇಲಕ್ಕೆ.

3. ಆಪ್ ಹುಡುಗನ ಲೆಕ್ಕ

ಈಗ ಊಟ ತಂದ ಹುಡುಗನ ಕಡೆ ಬರೋಣ. ಅವನಿಗೆ ಸಂಬಳ ಇಲ್ಲ. ಒಂದೊಂದು ಆರ್ಡರಿಗೆ ದೂರ, ಹೊತ್ತು ನೋಡಿ ಇಷ್ಟು ಅಂತ ಬರುತ್ತೆ. ಮಳೆಗೆ, ಹಬ್ಬಕ್ಕೆ, ಇಷ್ಟು ಆರ್ಡರ್ ಮುಗಿಸಿದ್ದಕ್ಕೆ ಮೇಲೆ ಸ್ವಲ್ಪ ಸೇರಬಹುದು. ಗಾಡಿ ಅವನದು, ಪೆಟ್ರೋಲು ಅವನದು, ಫೋನು ಡೇಟಾ ಅವನವು. ಹೋಟೆಲಿನ ಮುಂದೆ ಕಾದ ಹೊತ್ತು, ಊರಾಚೆಯ ಲೇಔಟಿಗೆ ಕೊಟ್ಟು ಖಾಲಿ ಕೈಯಲ್ಲಿ ತಿರುಗಿ ಬಂದ ದೂರ ಇವು ಅವನ ಲೆಕ್ಕಕ್ಕೆ ಸರಿಯಾಗಿ ಹತ್ತುವುದೇ ಇಲ್ಲ.

2025ರ ಡಿಸೆಂಬರ್ 25 ಮತ್ತು 31ರಂದು ದೇಶದ ಹಲವು ಕಡೆ ಡೆಲಿವರಿ ಕಾರ್ಮಿಕರು ಮುಷ್ಕರ ಮಾಡಿದರು. ಅದಾದ ಮೇಲೆ ಜೊಮ್ಯಾಟೊ ಸಂಸ್ಥಾಪಕರು ಕೆಲವು ಅಂಕಿಗಳನ್ನು ಸಾರ್ವಜನಿಕವಾಗಿ ಹೇಳಿದರು. ಅವರ ಪ್ರಕಾರ 2025ರಲ್ಲಿ ಒಬ್ಬ ಡೆಲಿವರಿಯವನ ಸರಾಸರಿ ಗಳಿಕೆ, ಟಿಪ್ಸ್ ಬಿಟ್ಟು, ಗಂಟೆಗೆ 102 ರೂಪಾಯಿ. ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ ದುಡಿದರೆ ಸುಮಾರು 26,500. ಪೆಟ್ರೋಲು, ರಿಪೇರಿಗೆ ಐದರಲ್ಲೊಂದು ಪಾಲು ಕಳೆದರೆ ಕೈಯಲ್ಲಿ ಉಳಿಯೋದು 21,000ದ ಆಸುಪಾಸು. ಟಿಪ್ಸ್ ಎಷ್ಟು? ಗಂಟೆಗೆ ಸರಾಸರಿ 2 ರೂಪಾಯಿ 60 ಪೈಸೆ. ನೂರು ಆರ್ಡರಿನಲ್ಲಿ ಐದಕ್ಕೆ ಮಾತ್ರ ಟಿಪ್ಸ್ ಬರುತ್ತೆ.

ಇದು ಕಂಪನಿಯೇ ಕೊಟ್ಟ ಅಂಕಿ, ಕಾರ್ಮಿಕ ಸಂಘಟನೆಗಳು ಇದನ್ನು ಒಪ್ಪೋದಿಲ್ಲ. ಆದರೂ ಇದನ್ನೇ ಹಿಡಿದು ಗುಣಿಸಿ ನೋಡಿ. ತಿಂಗಳಿಗೆ 260 ಗಂಟೆ, ಗಂಟೆಗೆ 2.60 ಅಂದ್ರೆ 676 ರೂಪಾಯಿ. ಹತ್ತು ಗಂಟೆ ದುಡಿದ ತಿಂಗಳಿಗೆ ನಾವೆಲ್ಲ ಸೇರಿ ‘ಖುಷಿ’ಯಿಂದ ಕೊಟ್ಟದ್ದು ಇಷ್ಟು. ಇನ್ನೊಂದು ಅಂದಾಜು ಹಾಕೋಣ. ಅವನು ದಿನಕ್ಕೆ 15 ಆರ್ಡರ್ ಮುಗಿಸ್ತಾನೆ ಅಂತಿಟ್ಟುಕೊಳ್ಳಿ, ಪ್ರತಿ ಮನೆಯವರೂ 10 ರೂಪಾಯಿ ಕೊಟ್ಟರು. 26 ದಿನಕ್ಕೆ 3,900 ಆಯ್ತು. ಕಂಪನಿ ಹೇಳುವ ಗಾಡಿ ಖರ್ಚಿನ ಮುಕ್ಕಾಲು ಭಾಗ ಅದರಲ್ಲೇ ಕಳೆಯುತ್ತೆ. ಒಂದು ಮನೆಗೆ 10 ರೂಪಾಯಿ ಏನೂ ಅಲ್ಲ, ಹದಿನೈದು ಮನೆಯದು ಸೇರಿದರೆ ಒಬ್ಬನ ಪೆಟ್ರೋಲು.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಿಬಿಡ್ತೇನೆ. ಬಿಲ್ಲಿನಲ್ಲಿ ‘ಪ್ಲಾಟ್‌ಫಾರ್ಮ್ ಶುಲ್ಕ’ ಅಂತ ಇರುತ್ತಲ್ಲ, 2023ರಲ್ಲಿ 2 ರೂಪಾಯಿಗೆ ಶುರುವಾದದ್ದು ಮರುವರ್ಷದ ಹಬ್ಬದ ಹೊತ್ತಿಗೆ 10ಕ್ಕೆ ಏರಿತು. ‘ಅಷ್ಟೆಲ್ಲ ತಗೋತಾರೆ, ಹುಡುಗನಿಗೆ ಹೋಗುತ್ತಲ್ಲ’ ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ಕಂಪನಿಯ ಶುಲ್ಕ. ಹುಡುಗನಿಗೆ ಅಂತ ಇರೋದು ‘ಟಿಪ್’ ಅಂತ ಬೇರೆಯಾಗಿ ತೋರಿಸುವ ಸಾಲು ಮಾತ್ರ. ಅದು ಪೂರ್ತಿ ಅವರಿಗೇ ಹೋಗುತ್ತೆ ಅಂತ ಕಂಪನಿಗಳು ಹೇಳ್ತವೆ.

ಮತ್ತೊಂದು ಬದಲಾವಣೆ ನಮ್ಮ ಕಣ್ಣೆದುರೇ ಆಗಿಹೋಯ್ತು. ಮೊದಲು 183 ರೂಪಾಯಿ ಬಿಲ್ಲಾದರೆ 200 ಕೊಟ್ಟು ‘ಚಿಲ್ಲರೆ ಇಟ್ಕೊಳ್ಳಪ್ಪ’ ಅಂತಿದ್ದೆವು. ಕಾಸರಗೋಡಿನ ಕಡೆಯವರು ‘ಬಾಕಿ ಇರ್ಲಿ ಮಾರಾಯ’ ಅಂತಿದ್ದರು. ಅದರಲ್ಲಿ ಕೊಟ್ಟವರಿಗೂ ಭಾರ ಇಲ್ಲ, ತಗೊಂಡವರಿಗೂ ಮುಜುಗರ ಇಲ್ಲ. ಫೋನಿನಲ್ಲಿ ಹಣ ಕಟ್ಟುವುದು ಬಂದ ಮೇಲೆ ಚಿಲ್ಲರೆಯೇ ಉಳಿಯೋದಿಲ್ಲ. ನಾವು ಜಿಪುಣರಾದದ್ದಲ್ಲ, ಕೊಡುವ ದಾರಿಯೇ ಮುಚ್ಚಿತು. ಈಗ ಕೊಡಬೇಕಾದರೆ ಬೇಕಂತಲೇ ಕೊಡಬೇಕು.

4. ಹಾಗಾದ್ರೆ ಎಷ್ಟು?

ಅಮೆರಿಕದಲ್ಲಿ ಬಿಲ್ಲಿನ ಶೇಕಡಾ 15, 20 ಅಂತ ಲೆಕ್ಕ ಹಾಕ್ತಾರೆ. ಅಲ್ಲಿರುವ ನಮ್ಮ ಮಕ್ಕಳು ರಜೆಗೆ ಬಂದಾಗ ಇಲ್ಲೂ ಅದನ್ನೇ ಹೇಳ್ತಾರೆ. ಮನೆಗೆ ತಂದುಕೊಡುವ ಕೆಲಸಕ್ಕೆ ಈ ಲೆಕ್ಕ ಹೊಂದುವುದಿಲ್ಲ. 150ರ ಇಡ್ಲಿ ತಂದರೂ 1,500ರ ಬಿರಿಯಾನಿ ತಂದರೂ ಅವನು ಬಂದ ದಾರಿ ಒಂದೇ. ಬಿಲ್ಲು ನೋಡಬಾರದು, ಬೆವರು ನೋಡಬೇಕು. ನಮ್ಮ ಮನೆಯಲ್ಲಿ ಈಗ ಹೀಗೆ ಇಟ್ಟುಕೊಂಡಿದ್ದೇವೆ, ನಿಯಮ ಅಂತಲ್ಲ, ಒಂದು ಮಾದರಿ:

ಮಾಮೂಲಿ ದಿನ, ಹತ್ತಿರದ ಹೋಟೆಲು: 10 ರೂಪಾಯಿ, ಆದರೆ 20. ಮಳೆ, ರಾತ್ರಿ ಹತ್ತರ ಮೇಲೆ, ದೂರ, ಲಿಫ್ಟ್ ಇಲ್ಲದ ಮಹಡಿ: 30ರಿಂದ 50. ನೀರಿನ ಕ್ಯಾನು, ಅಕ್ಕಿ ಮೂಟೆ, ಸಿಲಿಂಡರಿನಂಥ ಭಾರದ ಸಾಮಾನು ನೆಲಮಹಡಿಯ ಬಾಗಿಲಿಗೆ ಬಂದರೆ ಬಿಲ್ಲಿನಷ್ಟೇ. ಮೆಟ್ಟಿಲು ಹತ್ತಿಸಿದರೆ ಮಹಡಿಗೆ ಇಷ್ಟು ಅಂತ ಮೊದಲೇ ಮಾತಾಡಿಕೊಳ್ಳುವುದು. ಮಾತಾಡಿಕೊಂಡರೆ ಅದು ಕೂಲಿ ಆಗುತ್ತೆ, ಬಾಗಿಲಲ್ಲಿ ನಿಂತು ಗೋಗರೆಯುವುದು ತಪ್ಪುತ್ತೆ. ದಿನಾ ಬರುವ ಹಾಲಿನವರು, ಪೇಪರಿನವರಿಗೆ ದಿನಾ ಬೇಡ. ದೀಪಾವಳಿಗೋ ಯುಗಾದಿಗೋ ಒಂದು ತಿಂಗಳ ಬಿಲ್ಲಿನ ಅರ್ಧದಷ್ಟಾದರೂ ಒಟ್ಟಿಗೆ.

ಯಾವಾಗ ಕೊಡಬೇಕು? ಕೆಲಸ ಮುಗಿದ ಮೇಲೆ. ಮೊದಲೇ ಕೊಟ್ಟರೆ ಅದು ಹರಾಜು. 2025ರ ಮೇ ತಿಂಗಳಲ್ಲಿ ಬಾಡಿಗೆ ಕಾರಿನ ಆಪ್ ಒಂದರ ‘ಮುಂಗಡ ಟಿಪ್’ ವಿಷಯಕ್ಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಬೇಗ ಗಾಡಿ ಬೇಕಾದರೆ ಮುಂಗಡವಾಗಿ ಟಿಪ್ ಹಾಕಿ ಅನ್ನೋದು ಅನೈತಿಕ ಅಂತ ಗ್ರಾಹಕ ವ್ಯವಹಾರಗಳ ಸಚಿವ ಪ್ರಹ್ಲಾದ ಜೋಶಿ ಆಗ ಹೇಳಿದರು. ಅದು ಕಾರಿನ ವಿಷಯ, ಆದರೂ ತತ್ವ ಒಂದೇ: ಟಿಪ್ಸ್ ಸೇವೆಗೆ ಮೆಚ್ಚುಗೆಯೇ ಹೊರತು ಸೇವೆ ಪಡೆಯುವ ಹಕ್ಕಿನ ಬೆಲೆ ಅಲ್ಲ.

ಹಣದ ಜೊತೆ, ಕೆಲವೊಮ್ಮೆ ಹಣಕ್ಕಿಂತ ಮುಖ್ಯವಾದದ್ದೂ ಇದೆ. ಅವರಿಗೆ ಹೊತ್ತೇ ದುಡ್ಡು. ಓಟಿಪಿ ಕೈಯಲ್ಲಿ ಸಿದ್ಧವಾಗಿಟ್ಟುಕೊಳ್ಳಿ. ಗೇಟಿಗೆ ಇಳಿದು ಬನ್ನಿ. ಕುಡಿಯಲು ನೀರು ಕೇಳಿ. ಅಪಾರ್ಟ್‌ಮೆಂಟಿನಲ್ಲಿ ಅವರು ಲಿಫ್ಟ್ ಹತ್ತಬಾರದು ಅಂತ ಬೋರ್ಡ್ ಹಾಕಿದ್ದರೆ ಸಂಘದ ಸಭೆಯಲ್ಲಿ ಎದ್ದು ನಿಂತು ಅದನ್ನು ತೆಗೆಸಿ. ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿಸಿ 20 ರೂಪಾಯಿ ಕೊಡುವುದು ಔದಾರ್ಯ ಅಲ್ಲ.

5. ಗಡಿ ಎಲ್ಲಿ ಬರುತ್ತೆ?

ಈಗ ಮೊದಲಿನ ಪ್ರಶ್ನೆಗೆ ಬರ್ತೇನೆ. ಭಾಷೆಯಿಂದ ಶುರುಮಾಡೋಣ. ಡೆಲಿವರಿ ಕೆಲಸ ಅಂದ್ರೆ ವಿಳಾಸದ ಕೆಲಸ. ಕಾಸರಗೋಡಿನಲ್ಲಿ ಮನೆಯವರು ಮಂಜೇಶ್ವರ ಅಂತಾರೆ, ನಕ್ಷೆ ಮಂಜೇಶ್ವರಂ ಅನ್ನುತ್ತೆ. ಇವರು ಬೇಡಡ್ಕ ಅಂದರೆ ಅಲ್ಲಿ ಬೇಡಕಂ. 2021ರಲ್ಲಿ ಅಲ್ಲಿನ ಕನ್ನಡ ಊರಹೆಸರುಗಳ ಬಗ್ಗೆ ಎರಡೂ ರಾಜ್ಯಗಳಲ್ಲಿ ಸುದ್ದಿಯಾದದ್ದು ನಿಮಗೆ ನೆನಪಿರಬಹುದು. ದೊಡ್ಡ ಊರುಗಳಿಗೆ ತೊಂದರೆ ಇಲ್ಲ. ಒಂದು ಕಣಿವೆ, ಒಂದು ಬೈಲು, ಒಂದು ಮನೆತನದ ಹೆಸರು ಹಿಡಿದು ಬರುವವನಿಗೆ ಅದು ಹತ್ತು ನಿಮಿಷದ ಸುತ್ತು. ಆ ಸುತ್ತಿನ ಪೆಟ್ರೋಲು ಅವನದೇ.

ಇನ್ನು ಕಾನೂನು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯ್ತು. ಆ ಗೆರೆಗಳನ್ನು ಎಳೆಯುವಾಗ ಭಾಷೆಯ ಲೆಕ್ಕ ಹಾಕಿದರು, ಕೂಲಿಯ ಲೆಕ್ಕ ಯಾರೂ ಹಾಕಲಿಲ್ಲ. ಇವತ್ತು ಅದೇ ಗೆರೆ ಡೆಲಿವರಿ ಹುಡುಗನ ಭದ್ರತೆಯನ್ನು ತೀರ್ಮಾನ ಮಾಡುತ್ತೆ. ಇಂಥ ಕಾರ್ಮಿಕರಿಗೆ ಅಂತಲೇ ಮೊದಲು ಕಾಯ್ದೆ ಮಾಡಿದ್ದು ರಾಜಸ್ಥಾನ, 2023ರಲ್ಲಿ. ತಮಿಳುನಾಡು ಅದೇ ವರ್ಷ ಕಲ್ಯಾಣ ಮಂಡಳಿ ರಚಿಸಿತು. ಕರ್ನಾಟಕದ ಕಾಯ್ದೆ ಬಂದದ್ದು 2025ರಲ್ಲಿ. ಅದರ ಪ್ರಕಾರ ಕಂಪನಿ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಾರಣ ತಿಳಿಸದೆ, 14 ದಿನದ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2020ರದು, ಜಾರಿಯಾದದ್ದು 2025ರ ನವೆಂಬರ್ 21ರಂದು.

ಹೊಸೂರಿನ ಜೂಜುವಾಡಿ ದಾಟಿದರೆ ಅತ್ತಿಬೆಲೆ. ಇಲ್ಲಿ ಮನೆ, ಅಲ್ಲಿ ಕೆಲಸ. ಅಥವಾ ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ. ತಲಪಾಡಿಯ ಆಚೀಚೆಯೂ ಹೀಗೇ. ಗೆರೆಯ ಈ ಕಡೆ ಅಪಘಾತ ಆದರೆ ಒಂದು ಮಂಡಳಿ, ಆ ಕಡೆ ಆದರೆ ಇನ್ನೊಂದು. ಒಂದರ ಅರ್ಜಿ ತಮಿಳಿನಲ್ಲಿ, ಇನ್ನೊಂದರದು ಕನ್ನಡದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಗಡಿನಾಡ ಹುಡುಗನಿಗೆ ಅವನ ಸ್ವಂತ ರಾಜ್ಯದ ಅರ್ಜಿ ಓದಲು ಬರೋದಿಲ್ಲ, ಓದಲು ಬರುವ ಅರ್ಜಿ ಅವನ ರಾಜ್ಯದ್ದಲ್ಲ. ನಮ್ಮ ಗಡಿನಾಡ ಸಂಘಗಳು ರಾಜ್ಯೋತ್ಸವಕ್ಕೆ ಹಾಕುವ ಶ್ರಮದಲ್ಲಿ ಒಂದು ಭಾನುವಾರ ಇಂಥ ಅರ್ಜಿ ತುಂಬಿಸಲು ಕೂತರೆ ಅದಕ್ಕಿಂತ ದೊಡ್ಡ ಟಿಪ್ಸ್ ಇಲ್ಲ.

6. ಕೊಡುವುದರಿಂದ ಕೆಡುಕೂ ಇದೆಯಾ?

ಇದೆ. ಆಯದ ಇನ್ನರ್ಧ ಸತ್ಯ ಹೇಳ್ತೇನೆ ಅಂದಿದ್ದೆನಲ್ಲ, ಅದು ಇಲ್ಲಿದೆ. ಸೊಲ್ಲಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ ಮಹಾರರಿಗೆ ವತನ ಅಂತ ತುಂಡು ಭೂಮಿ, ಬಲುತ ಅಂತ ಊರವರ ಕಾಳು ಸಿಗುತ್ತಿತ್ತು. ಅದಕ್ಕೆ ಬದಲಾಗಿ ಹಗಲು ರಾತ್ರಿ ಅನ್ನದೆ ಊರಿನ, ಸರ್ಕಾರದ ಚಾಕರಿ. ಕಾಗದ ಮುಟ್ಟಿಸುವುದು, ಸುದ್ದಿ ಒಯ್ಯುವುದು, ಹೊರೆ ಹೊರುವುದು. ಇವತ್ತಿನ ಮಾತಲ್ಲಿ ಡೆಲಿವರಿ ಕೆಲಸವೇ. ಡಾ. ಅಂಬೇಡ್ಕರ್ 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ತರಲು ಮಸೂದೆ ಮಂಡಿಸಿದರು. ಅವರ ವಾದದ ತಿರುಳು ಇಷ್ಟು: ಈ ಅಲ್ಪ ಕೊಡುಗೆ ಇರುವುದರಿಂದಲೇ ಸರಿಯಾದ ಕೂಲಿ ಸಿಗುತ್ತಿಲ್ಲ, ಜನ ಆ ಚಾಕರಿಗೆ ಕಟ್ಟುಬಿದ್ದಿದ್ದಾರೆ. ಕಿರಿಯ ಗ್ರಾಮ ವತನಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1958ರಲ್ಲಿ, ಅಂಬೇಡ್ಕರರು ತೀರಿಹೋದ ಮೇಲೆ. ದಯಾ ಪವಾರರು 1978ರಲ್ಲಿ ತಮ್ಮ ಆತ್ಮಕಥನಕ್ಕೆ ‘ಬಲುತ’ ಅಂತಲೇ ಹೆಸರಿಟ್ಟರು.

ಖುಷಿಯ ಹಣ ಕೂಲಿಯನ್ನು ನುಂಗಬಲ್ಲದು, ಇದು ಹಳೆಯ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ 2019ರಲ್ಲಿ ಡೋರ್‌ಡ್ಯಾಶ್ ಕಂಪನಿಯ ಪದ್ಧತಿಗೆ ದೊಡ್ಡ ವಿರೋಧ ಬಂತು. ಗಿರಾಕಿ ಟಿಪ್ ಹಾಕಿದಷ್ಟೂ ಕಂಪನಿ ತನ್ನ ಕೈಯಿಂದ ಕೊಡುವುದು ಕಡಿಮೆಯಾಗುತ್ತಿತ್ತು. ಆಮೇಲೆ ಅದನ್ನು ಬದಲಿಸಬೇಕಾಯ್ತು. ನ್ಯೂಯಾರ್ಕ್ ನಗರ ಇನ್ನೊಂದು ದಾರಿ ಹಿಡಿಯಿತು: 2023ರ ಡಿಸೆಂಬರಿನಿಂದ ಆಪ್ ಊಟ ತಲುಪಿಸುವವರಿಗೆ ಟಿಪ್ಸ್ ಬಿಟ್ಟು ಗಂಟೆಗೆ ಕನಿಷ್ಠ 17.96 ಡಾಲರ್ ಅಂತ ಗೊತ್ತುಮಾಡಿತು. ಮೊದಲು ಕೂಲಿ ಗಟ್ಟಿ, ಆಮೇಲೆ ಖುಷಿ. ಕ್ರಮ ಅದು.

ಹಾಗಾದರೆ ಕಾಯ್ದೆ ಗಟ್ಟಿಯಾಗುವವರೆಗೆ ಕೊಡಬಾರದಾ? ನನ್ನ ಉತ್ತರ: ಕೊಡಿ. ಕಾಯ್ದೆಗೆ ಕಾಯುವ ಪುರುಸೊತ್ತು ನಮಗಿದೆ, ಮಳೆಯಲ್ಲಿ ನಿಂತವನಿಗಿಲ್ಲ. ಆದರೆ ಕೊಟ್ಟೆ ಅಂತ ಕೈ ತೊಳೆದುಕೊಳ್ಳಬೇಡಿ. 2020-21ರಲ್ಲಿ ದೇಶದಲ್ಲಿ ಇಂಥ ಕೆಲಸದವರು 77 ಲಕ್ಷ, 2029-30ಕ್ಕೆ 2.35 ಕೋಟಿ ಆಗ್ತಾರೆ ಅಂತ ನೀತಿ ಆಯೋಗದ 2022ರ ವರದಿ ಅಂದಾಜಿಸಿದೆ. ಅಷ್ಟು ಜನರ ಬದುಕನ್ನು ನಮ್ಮ ಹತ್ತು ರೂಪಾಯಿಯ ಮೇಲೆ ನಿಲ್ಲಿಸಲಾಗದು.

ನಮ್ಮ ಅಮ್ಮ ಈಗ ಬಾಗಿಲ ಪಕ್ಕದ ಗೂಡಿನಲ್ಲಿ ಹತ್ತರ ನೋಟುಗಳನ್ನು ಇಟ್ಟಿರ್ತಾರೆ. ಕೇಳಿದವರಿಗಲ್ಲ, ಬಂದವರಿಗೆ. ಗ್ಯಾಸಿನವರ ಜೊತೆ ಮಹಡಿಗೆ ಇಷ್ಟು ಅಂತ ಮಾತಾಡಿಕೊಂಡಿದ್ದಾರೆ. ಅವರು ಈಗ ಬಾಗಿಲಲ್ಲಿ ನಿಲ್ಲೋದಿಲ್ಲ.

ಪ್ರಶ್ನೋತ್ತರ

ಪ್ರಶ್ನೆ (ಕುಂಬಳೆಯಿಂದ): ನಮ್ಮಲ್ಲಿ ಮೊದಲು ಮುಂಬಯಿಯಿಂದ ಮನಿಯಾರ್ಡರ್ ಬಂದಾಗ ಪೋಸ್ಟ್‌ಮ್ಯಾನಿಗೆ ಏನಾದರೂ ಕೊಡುವ ಕ್ರಮ ಇತ್ತು. ಈಗ ಪೋಸ್ಟಿನವರಿಗೆ ಕೊಟ್ಟರೆ ‘ಬೇಡ ಅಕ್ಕ’ ಅಂತಾರೆ. ಒತ್ತಾಯ ಮಾಡಬೇಕಾ?

ಉತ್ತರ: ಖಂಡಿತ ಬೇಡ. ಅವರು ಸರ್ಕಾರದ ಕೆಲಸದವರು, ಹಣ ತಗೊಂಡರೆ ಅವರಿಗೇ ತೊಂದರೆ. ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಕೊಡಿ, ಸಾಕು. ಬೇಡ ಅನ್ನುವುದು ಕೂಡ ಒಬ್ಬರ ಮರ್ಯಾದೆ, ಅದನ್ನು ಮುರಿಯಬಾರದು. ಆಪ್ ಹುಡುಗರಲ್ಲೂ ಬೇಡ ಅನ್ನುವವರಿದ್ದಾರೆ.

ಪ್ರಶ್ನೆ (ಸೊಲ್ಲಾಪುರದಿಂದ): ನಾವೇ ಬೀಡಿ ಕಟ್ಟೋ ಮಂದಿ ಅದೀವ್ರಿ. ನಮ್ಮ ಮಗಳು ಒಮ್ಮೊಮ್ಮೆ ಏನರ ತರಸ್ತಾಳ. ನಾವೂ ಕೊಡಬೇಕೇನ್ರಿ?

ಉತ್ತರ: ಇಲ್ರಿ ತಾಯಿ. ಖುಷಿ ಅಂದಮ್ಯಾಲೆ ಅದು ಸಾಲ ಅಲ್ಲ. ನಾನು ಹೇಳಿದ್ದು 20 ರೂಪಾಯಿ ಲೆಕ್ಕಕ್ಕೇ ಬಾರದ ಮನೆಗಳವರಿಗೆ. ನಿಮ್ಮ ಸೀಮೆಯ ಬೀಡಿ ಕೆಲಸದವರಿಗೂ ಸಾವಿರ ಬೀಡಿಗೆ ಇಷ್ಟು ಅಂತ ಎಣಿಸಿ ಕೊಡ್ತಾರೆ, ಹುಡುಗನಿಗೂ ಆರ್ಡರಿಗೆ ಇಷ್ಟು ಅಂತ. ಎರಡೂ ಒಂದೇ ನೋವು. ನೀವು ‘ಊಟ ಆತೇನಪ್ಪ’ ಅಂತ ಕೇಳಿದರೆ ಅವನಿಗೆ ಅದರ ಬೆಲೆ ಗೊತ್ತಿರುತ್ತೆ.

ಪ್ರಶ್ನೆ (ಊಟಿಯಿಂದ): ಆಪ್‌ನಲ್ಲಿ ಹಾಕೋದು ಒಳ್ಳೇದಾ, ಕೈಗೆ ಕೊಡೋದಾ?

ಉತ್ತರ: ಕೈಗೆ ಕೊಟ್ಟರೆ ಆಗಲೇ ಸಿಗುತ್ತೆ, ಆ ದಿನದ ಪೆಟ್ರೋಲಿಗೆ ಆಗುತ್ತೆ. ಆಪ್‌ನಲ್ಲಿ ಹಾಕಿದರೆ ದಾಖಲೆ ಇರುತ್ತೆ. ನಾನು ಕೈಗೆ ಕೊಡ್ತೇನೆ, ಯಾಕಂದ್ರೆ ಆಗ ಮುಖ ನೋಡಬೇಕಾಗುತ್ತೆ. ಆದರೆ ಸ್ಟಾರ್ ಮರೀಬೇಡಿ. ಅದು ನಮಗೆ ಉಚಿತ. ಅವರಿಗೆ ನಾಳೆ ಕೆಲಸ ಸಿಗೋದು ಅದನ್ನೂ ನೋಡಿಯೇ.